ಕೆಸರಿನ ಸಾಕ್ಷಿ

2024ರ ಅಕ್ಟೋಬರಿನಲ್ಲಿ, ಆಯುಧಪೂಜೆಗೆ ಎರಡು ದಿನ ಮುಂಚೆ, ಕಾರವಾರದ ಗ್ಯಾರೇಜೊಂದರಲ್ಲಿ 9,600 ರೂಪಾಯಿ ತೆತ್ತು ನನ್ನ ಹಳೆಯ ಮಾರುತಿ ಆಲ್ಟೊ ಕಾರನ್ನು ಬಿಡಿಸಿಕೊಂಡು ಅಂಕೋಲೆಗೆ ಬಂದೆ. ಮರುದಿನ ಬೆಳಿಗ್ಗೆ ನೆರೆಮನೆಯ ಹಿರಿಯರು ಅಂಗಳಕ್ಕೆ ಬಂದು, ಹಿಂದಿನ ಚಕ್ರದ ಬಳಿ ಕುಕ್ಕರಗಾಲಿನಲ್ಲಿ ಕುಳಿತು, ಒಂದು ಕೈಯಲ್ಲಿ ಬಿಲ್ಲನ್ನು ಹಿಡಿದು, ಇನ್ನೊಂದು ಕೈಯ ಬೆರಳಿನಿಂದ ಚಕ್ರದ ನಟ್ಟನ್ನು ಮುಟ್ಟಿ, "ಇದು ಬಿಚ್ಚಿದ್ದಲ್ಲ ಮಾಸ್ತರೇ" ಎಂದರು. ಅವರು ಸಾರಿಗೆ ಸಂಸ್ಥೆಯ ಡಿಪೋದಲ್ಲಿ ಮೂವತ್ತು ವರ್ಷ ಮೆಕ್ಯಾನಿಕರಾಗಿ ದುಡಿದು ನಿವೃತ್ತರಾದವರು. ಅವರ ಮಾತಿಗೆ ನಮ್ಮ ಕೇರಿಯಲ್ಲಿ ಎದುರಿಲ್ಲ.

ನಾನೂ ಬಗ್ಗಿ ನೋಡಿದೆ. ನಾಲ್ಕೂ ನಟ್ಟುಗಳ ಮೇಲೆ ಕೆಂಪು ಮಣ್ಣಿನ ಕೆಸರು ಒಣಗಿ ಗಟ್ಟಿಯಾಗಿತ್ತು. ನಟ್ಟಿನಿಂದ ಚಕ್ರದ ತಗಡಿನವರೆಗೆ ಆ ಪದರು ಎಲ್ಲಿಯೂ ಬಿರಿದಿರಲಿಲ್ಲ. ಪಾನ ಹಾಕಿ ತಿರುಗಿಸಿದ ನಟ್ಟಿನ ಮೇಲೆ ಕೆಸರು ಹಾಗೆ ಉಳಿಯುವುದು ಸಾಧ್ಯವಿಲ್ಲ. ಬಿಲ್ಲಿನಲ್ಲಾದರೋ ಹಿಂದಿನ ಬ್ರೇಕ್ ಶೂ ಬದಲಿಸಿದ್ದಕ್ಕೆ 980 ರೂಪಾಯಿ, ಚಕ್ರಗಳ ಅಲೈನ್‌ಮೆಂಟ್ ಮತ್ತು ಬ್ಯಾಲೆನ್ಸಿಂಗಿಗೆ 850, ಇವಲ್ಲದೆ ಕೂಲಿ ಬೇರೆ. ಶೂ ಬದಲಿಸಬೇಕಾದರೆ ಚಕ್ರ ತೆಗೆಯಬೇಕು, ಚಕ್ರದ ಹಿಂದಿನ ಡ್ರಮ್ ತೆಗೆಯಬೇಕು. ಬ್ಯಾಲೆನ್ಸಿಂಗಿಗೆ ನಾಲ್ಕೂ ಚಕ್ರಗಳನ್ನು ಕಳಚಿ ಯಂತ್ರಕ್ಕೆ ಏರಿಸಬೇಕು. ಚಕ್ರವನ್ನೇ ಬಿಚ್ಚಿಲ್ಲವೆಂದಮೇಲೆ ಎರಡೂ ಸುಳ್ಳು. ತರ್ಕವು ಎಷ್ಟು ನೇರವಾಗಿತ್ತೆಂದರೆ, ಹಣ ಕಳೆದುಕೊಂಡ ದುಃಖಕ್ಕಿಂತ ಮೊದಲು ನನಗಾದದ್ದು ಒಂದು ಬಗೆಯ ಸಂತೋಷ. ಅದನ್ನು ಇಲ್ಲಿ ಒಪ್ಪಿಕೊಳ್ಳುವುದೇ ಸರಿ.

ಹಣದ ಮಾತು ಹಾಗಿರಲಿ. ಬ್ರೇಕಿನ ಮಾತು ಬೇರೆ. ಅಂಕೋಲೆಯಿಂದ ಕಾರವಾರಕ್ಕೆ ಸುಮಾರು ಮೂವತ್ತೈದು ಕಿಲೋಮೀಟರು. ಒಂದು ಬದಿಗೆ ಸಹ್ಯಾದ್ರಿಯ ಸೆರಗು, ಇನ್ನೊಂದು ಬದಿಗೆ ಕಡಲು, ನಡುವೆ ಉಳಿದ ಕಿರಿದಾದ ನೆಲದಲ್ಲಿ ರಾಷ್ಟ್ರೀಯ ಹೆದ್ದಾರಿ 66. ಬಿಣಗಾದ ಏರಿಳಿತದಲ್ಲಿ ಭಾರದ ಲಾರಿಗಳ ಹಿಂದೆ ಬರುವಾಗ ಕಾಲು ಬ್ರೇಕನ್ನು ಬಿಟ್ಟಿರುವುದಿಲ್ಲ. ಅದೇ ಮಳೆಗಾಲದಲ್ಲಿ, ಜುಲೈ 16ರ ಬೆಳಿಗ್ಗೆ ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು, ಚಹಾ ಕುಡಿಯಲೆಂದು ನಿಂತಿದ್ದವರನ್ನೂ ವಾಹನಗಳನ್ನೂ ಗಂಗಾವಳಿಗೆ ತಳ್ಳಿತ್ತು. ಮೂರು ವಾರ ಕಳೆಯುವಷ್ಟರಲ್ಲಿ, ಆಗಸ್ಟ್ 7ರ ನಡುರಾತ್ರಿ ಕಳೆದ ಮೇಲೆ, ಕಾರವಾರದಲ್ಲಿ ಕಾಳಿ ನದಿಯ ಹಳೆಯ ಸೇತುವೆ ಮುರಿದುಬಿತ್ತು. ಅದರೊಡನೆ ನೀರಿಗೆ ಬಿದ್ದ ಲಾರಿಯ ಚಾಲಕನನ್ನು ಬದುಕಿಸಿ ತಂದರು. ಆ ಎರಡು ಘಟನೆಗಳ ಅನಂತರ ನಮ್ಮ ಕಡೆಯವರು ನೆಲವನ್ನೂ ಕಬ್ಬಿಣವನ್ನೂ ನಂಬುವ ರೀತಿ ಬದಲಾಗಿದೆ. ಕಾಗದದ ಮೇಲೆ ಸರಿಯಾಗಿರುವ ವಸ್ತು ಒಳಗೆ ಹೇಗಿದೆ ಎಂದು ಕೇಳುವ ಅಭ್ಯಾಸ ಎಲ್ಲರಿಗೂ ಬಂದಿದೆ. ಬದಲಿಸದ ಶೂಗೆ ಹಣ ಪಡೆದವನು ನನ್ನಿಂದ 980 ರೂಪಾಯಿಯನ್ನಷ್ಟೇ ತೆಗೆದುಕೊಂಡಿರುವುದಿಲ್ಲ.

ಆ ಹಗಲೆಲ್ಲ ನಾನು ಅತ್ಯುತ್ಸಾಹದಲ್ಲಿದ್ದೆ. ಹಸ್ತಪ್ರತಿಗಳೊಡನೆ ಬಾಳಿದವರಿಗೆ ಸಂಶಯವೊಂದು ವೃತ್ತಿಸುಖ. ಅಕ್ಷರದ ತಲೆಕಟ್ಟು ತುಸು ಬೇರೆಯಾಗಿದ್ದರೆ ಸಾಕು, ಇಲ್ಲಿಂದ ಮುಂದೆ ಲಿಪಿಕಾರ ಬೇರೆ ಎನ್ನುತ್ತೇವೆ. ಒಂದು ಪ್ರಾಸ ತಪ್ಪಿದರೆ ಪದ್ಯವನ್ನೇ ಪ್ರಕ್ಷಿಪ್ತವೆನ್ನುತ್ತೇವೆ. ಕೆಸರಿನ ಪದರಿನಿಂದ ಕಳ್ಳತನವನ್ನು ಓದುವುದು ಅದೇ ವಿದ್ಯೆಯ ವಿಸ್ತರಣೆಯಾಗಿ ನನಗೆ ಕಂಡಿತು. ಸಂಜೆಗೆ ಕೌಟಿಲ್ಯನನ್ನು ತೆರೆದೆ. ಆರ್. ಶಾಮಶಾಸ್ತ್ರಿಗಳು ಮೈಸೂರಿನ ಓರಿಯಂಟಲ್ ಲೈಬ್ರರಿಗೆ ಬಂದ ಓಲೆಪ್ರತಿಯಲ್ಲಿ ಗುರುತಿಸಿ 1909ರಲ್ಲಿ ಅಚ್ಚು ಹಾಕಿಸಿದ ಅರ್ಥಶಾಸ್ತ್ರದಲ್ಲಿ ಅಕ್ಕಸಾಲಿಗನು ಕದಿಯುವ ಐದು ದಾರಿಗಳನ್ನು ಹೆಸರಿಟ್ಟು ಹೇಳಿದೆ: ತುಲಾವಿಷಮ, ಅಪಸಾರಣ, ವಿಸ್ರಾವಣ, ಪೇಟಕ, ಪಿಂಕ. ತಕ್ಕಡಿಯ ಮೋಸ, ಒಳ್ಳೆಯದನ್ನು ತೆಗೆದು ಕೀಳನ್ನು ಸೇರಿಸುವ ಮೋಸ, ಮೇಲೆ ಹೊದಿಸುವ ಮೋಸ, ಟೊಳ್ಳಿನಲ್ಲಿ ತುಂಬುವ ಮೋಸ, ಹೀಗೆ. ಅಗಸನು ಒಗೆಯಲು ಕೊಟ್ಟ ಬಟ್ಟೆಯನ್ನು ತಾನೇ ಉಟ್ಟುಕೊಂಡರೆ ಮೂರು ಪಣ ದಂಡ. ಮಾರಿದರೆ, ಬಾಡಿಗೆಗೆ ಕೊಟ್ಟರೆ, ಅಡವಿಟ್ಟರೆ ಹನ್ನೆರಡು ಪಣ. ಈ ಗ್ರಂಥಕರ್ತನಿಗೆ ಮನುಷ್ಯರ ಮೇಲೆ ನಂಬಿಕೆ ಎಷ್ಟು ಕಡಿಮೆಯೆಂದರೆ ಓದುತ್ತ ಓದುತ್ತ ಒಮ್ಮೊಮ್ಮೆ ಅವನ ಬಗ್ಗೆ ಕನಿಕರವೂ ಹುಟ್ಟುತ್ತದೆ.

ಆದರೆ ಅಕ್ಕಸಾಲಿಗನ ಐದು ದಾರಿಗಳೂ ವಸ್ತುವಿಗೆ ಸಂಬಂಧಿಸಿದವು ಎಂಬುದು ಆಗ ನನ್ನ ಗಮನಕ್ಕೆ ಬಂತು. ಚಿನ್ನವನ್ನು ತೂಗಬಹುದು, ಕಾಸಬಹುದು, ಒರೆಗೆ ಹಚ್ಚಬಹುದು. ಮಾಡದ ಕೆಲಸಕ್ಕೆ ತೂಕವಿಲ್ಲ. ಚಿನ್ನದಲ್ಲಿ ತಾಮ್ರ ಬೆರೆಸಿದವನು ತಾಮ್ರವನ್ನಾದರೂ ಬಿಟ್ಟುಹೋಗುತ್ತಾನೆ. ಮಾಡದ ಕೆಲಸಕ್ಕೆ ಹಣ ಪಡೆದವನು ಒಂದು ಸಾಲು ಬರವಣಿಗೆಯ ಹೊರತು ಏನನ್ನೂ ಬಿಡುವುದಿಲ್ಲ. ಕೌಟಿಲ್ಯನು ಇದಕ್ಕೂ ಒಂದು ಉಪಾಯವನ್ನು ಬೇರೆಡೆ ಸೂಚಿಸಿದ್ದಾನೆ. ಕುಶಲಕರ್ಮಿಗಳು ಎಲ್ಲಿ, ಯಾವಾಗ, ಏನು ಎಂಬುದನ್ನು ಮೊದಲೇ ನಿಶ್ಚಯಿಸಿಕೊಂಡು ಕೆಲಸ ಮಾಡಬೇಕು ಎಂಬುದು ಅವನ ವಿಧಿ. ಇಂದಿನ ಗ್ಯಾರೇಜಿನ ಜಾಬ್ ಕಾರ್ಡಿನ ಉದ್ದೇಶವೂ ಇದೇ. ನನ್ನ ಜಾಬ್ ಕಾರ್ಡಿನಲ್ಲಿ ಪ್ರತಿಯೊಂದು ಸಾಲಿನ ಮುಂದೆಯೂ ನೀಲಿ ಶಾಯಿಯ ಗುರುತು ಇತ್ತು, ಎಲ್ಲವೂ ಒಂದೇ ಓಟದಲ್ಲಿ ಹಾಕಿದಂತೆ. ಅದನ್ನು ಕಂಡು ನನ್ನ ಸಂಶಯ ಇನ್ನಷ್ಟು ಬಲಿಯಿತು.

ರಾತ್ರಿ ದೂರನ್ನು ಬರೆಯಲು ಕುಳಿತೆ. ಸತ್ಯೇಂದ್ರನಾಥ ಠಾಕೂರರು ನ್ಯಾಯಾಧೀಶರಾಗಿದ್ದ, ಅವರ ಮನೆಗೆ ಬಂದ ತಮ್ಮ ರವೀಂದ್ರರು 'ಪ್ರಕೃತಿರ್ ಪ್ರತಿಶೋಧ'ವನ್ನು ಬರೆದ ಕಾರವಾರದಲ್ಲಿ ಈಗ ಜಿಲ್ಲಾ ಗ್ರಾಹಕ ವ್ಯಾಜ್ಯಗಳ ಪರಿಹಾರ ಆಯೋಗವಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಂತೆ, ಕೊಟ್ಟ ಬೆಲೆ ಐದು ಲಕ್ಷದೊಳಗಿದ್ದರೆ ಶುಲ್ಕವಿಲ್ಲ; ಎರಡು ವರ್ಷದೊಳಗೆ ದೂರು ಕೊಡಬಹುದು; ವಕೀಲರೇ ಬೇಕೆಂದಿಲ್ಲ. ನಾನು ಖಂಡನ ಗ್ರಂಥಗಳ ಶೈಲಿಯಲ್ಲಿ ಪೂರ್ವಪಕ್ಷ, ಉತ್ತರಪಕ್ಷಗಳನ್ನೆಲ್ಲ ಜೋಡಿಸಿ ಎರಡೂವರೆ ಪುಟ ಬರೆದೆ. ಚಕ್ರದ ಛಾಯಾಚಿತ್ರವನ್ನು ಲಗತ್ತಿಸಿದೆ. ಕೊನೆಗೆ ಉಳಿದದ್ದು ಪ್ರಮಾಣಪತ್ರ. ಮೇಲೆ ಬರೆದ ಸಂಗತಿಗಳು ನನ್ನ ಸ್ವಂತ ತಿಳಿವಳಿಕೆಗೆ ಸತ್ಯವಾಗಿವೆ ಎಂದು ಬರೆದು ಸಹಿ ಮಾಡಬೇಕು.

ಅಲ್ಲಿಗೆ ಕೈ ನಿಂತಿತು. ನನ್ನ ಸ್ವಂತ ತಿಳಿವಳಿಕೆ ಎಂಬುದು ಎಷ್ಟು? ನಾನು ಕಂಡದ್ದು ಕೆಸರನ್ನು. ಬ್ರೇಕ್ ಶೂವನ್ನು ನಾನು ಹುಟ್ಟಿದಂದಿನಿಂದ ಕಂಡಿಲ್ಲ. ಚಕ್ರ ಬಿಚ್ಚಿಲ್ಲವೆಂಬುದು ಹಿರಿಯರ ತೀರ್ಮಾನ. ಅವರೂ ಬಿಚ್ಚಿ ನೋಡಿದವರಲ್ಲ. ಇಷ್ಟಾದರೂ ಸಹಿ ಮಾಡಿಬಿಡುತ್ತಿದ್ದೆನೋ ಏನೋ. ಆದರೆ ಅಂಥದೇ ಒಂದು ವಾಕ್ಯವನ್ನು ಹಿಂದೊಮ್ಮೆ ಬರೆದು ಅಚ್ಚು ಹಾಕಿಸಿದ್ದು ಅದೇ ಕ್ಷಣದಲ್ಲಿ ನೆನಪಾಯಿತು. ನೆನಪಾಯಿತು ಎಂಬುದೂ ಪೂರ್ತಿ ನಿಜವಲ್ಲ, ಅದು ಎಂದೂ ಮರೆತಿರಲಿಲ್ಲ.

ಇಪ್ಪತ್ತೆರಡು ವರ್ಷಗಳ ಹಿಂದೆ ಒಂದು ಚಿಕ್ಕ ಸಾಂಗತ್ಯ ಕೃತಿಯನ್ನು ಸಂಪಾದಿಸಿದ್ದೆ. ಕ, ಖ, ಗ, ಘ ಎಂದು ನಾಲ್ಕು ಪ್ರತಿಗಳು. ಅವುಗಳಲ್ಲಿ ಗ ಎಂಬುದು ದೂರದ ಒಂದು ಭಂಡಾರದ ಓಲೆಪ್ರತಿ. ಅಲ್ಲಿಗೆ ಒಂದೇ ಒಂದು ಮಧ್ಯಾಹ್ನ ಹೋಗಿದ್ದೆ. ಹನ್ನೆರಡು ಗರಿಗಳನ್ನು ಓದುವಷ್ಟರಲ್ಲಿ ಬೆಳಕು ಹೋಯಿತು, ಬಸ್ಸು ಹಿಡಿಯಬೇಕಿತ್ತು. ಮತ್ತೆ ಬರುತ್ತೇನೆಂದು ಹೇಳಿ ಬಂದವನು ಹೋಗಲಿಲ್ಲ. ಹಿಂದಿನ ತಲೆಮಾರಿನ ವಿದ್ವಾಂಸರೊಬ್ಬರು ಆ ಓಲೆಯಿಂದ ಮಾಡಿಕೊಂಡಿದ್ದ ಕಾಗದದ ನಕಲು ನನಗೆ ದೊರೆತಿತ್ತು. ಹದಿಮೂರನೆಯ ಗರಿಯಿಂದ ಮುಂದಿನ ಪಾಠಾಂತರಗಳನ್ನೆಲ್ಲ ಅದರಿಂದ ತೆಗೆದುಕೊಂಡು ಅಡಿಟಿಪ್ಪಣಿಯಲ್ಲಿ ಗ ಎಂದೇ ಗುರುತು ಹಾಕಿದೆ. ನಾಲ್ಕು ಪ್ರತಿಗಳನ್ನೂ ಆದ್ಯಂತವಾಗಿ ಪರಿಶೀಲಿಸಿದ್ದೇನೆಂದು ಪೀಠಿಕೆಯಲ್ಲಿ ಬರೆದೆ. ನಕಲಿನ ವಿಷಯವನ್ನು ಎತ್ತಲಿಲ್ಲ. ಪುಸ್ತಕಕ್ಕೆ ಗೌರವಧನ ಬಂತು. ಒಂದೆರಡು ಒಳ್ಳೆಯ ವಿಮರ್ಶೆಗಳು ಬಂದವು. ಮೂವರು ಸಂಶೋಧನ ವಿದ್ಯಾರ್ಥಿಗಳು ತಮ್ಮ ಪ್ರಬಂಧಗಳಲ್ಲಿ ಗ ಪ್ರತಿಯ ಪಾಠವನ್ನು ನನ್ನ ಪುಸ್ತಕದಿಂದ ಎತ್ತಿ ಚರ್ಚಿಸಿದರು. ಆ ಚಕ್ರವನ್ನು ನಾನು ಬಿಚ್ಚಿರಲಿಲ್ಲ.

ದೂರನ್ನು ಮಡಚಿಟ್ಟೆ. ಆ ರಾತ್ರಿ ಬಹಳ ಹೊತ್ತು ಸತ್ಯಘೋಷನ ಕಥೆ ತಲೆಯಲ್ಲಿ ಸುಳಿಯುತ್ತಿತ್ತು. ಸಮಂತಭದ್ರರು ರತ್ನಕರಂಡಕದಲ್ಲಿ ಐದು ಪಾಪಗಳಿಗೆ ಐವರನ್ನು ಹೆಸರಿಸುವಾಗ ಅಸತ್ಯಕ್ಕೆ ಹೇಳುವ ಹೆಸರು ಅವನದು. ಸಿಂಹಪುರದ ಪುರೋಹಿತ ಶ್ರೀಭೂತಿ. ಸುಳ್ಳಾಡಿದರೆ ನಾಲಗೆಯನ್ನೇ ಕತ್ತರಿಸಿಕೊಳ್ಳುವೆನೆಂದು ಜನಿವಾರಕ್ಕೆ ಕತ್ತಿ ಕಟ್ಟಿಕೊಂಡು ತಿರುಗುತ್ತಿದ್ದುದರಿಂದ ಸತ್ಯಘೋಷನೆಂಬ ಹೆಸರು ಬಂತು. ಕಡಲಯಾನಕ್ಕೆ ಹೊರಟ ವರ್ತಕನೊಬ್ಬ ಅವನಲ್ಲಿ ರತ್ನಗಳನ್ನು ಇರಿಸಿ ಹೋದ. ಹಡಗು ಮುಳುಗಿ, ಬರಿಗೈಯಲ್ಲಿ ಮರಳಿ ಕೇಳಿದಾಗ ಪುರೋಹಿತ ಇವನಿಗೆ ಹುಚ್ಚೆಂದ. ಊರೂ ಹಾಗೆಯೇ ಎಂದಿತು. ವರ್ತಕ ಅರಮನೆಯ ಬಳಿ ದಿನವೂ ಗೋಳಿಟ್ಟ. ರಾಣಿ ರಾಮದತ್ತೆಯೊಬ್ಬಳೇ ಅದನ್ನು ಕಿವಿಗೊಟ್ಟು ಕೇಳಿ, ದಿನವೂ ಅದೇ ಮಾತನ್ನು ಅದೇ ಕ್ರಮದಲ್ಲಿ ಹೇಳುವವನು ಹುಚ್ಚನಿರಲಾರನೆಂದು ತರ್ಕಿಸಿದಳು. ಪುರೋಹಿತನೊಡನೆ ಪಗಡೆಯಾಡಿ, ಅವನ ಉಂಗುರವನ್ನು ಗೆದ್ದು, ಅದನ್ನೇ ಗುರುತಾಗಿ ಅವನ ಹೆಂಡತಿಗೆ ತೋರಿಸಿ ರತ್ನಗಳನ್ನು ತರಿಸಿದಳು.

ನಾವು ಮಕ್ಕಳಿಗೆ ಈ ಕಥೆಯನ್ನು ಹೇಳುವಾಗ ಸಾಮಾನ್ಯವಾಗಿ ಇಲ್ಲಿಗೆ ಮುಗಿಸಿ ಪುರೋಹಿತನ ಶಿಕ್ಷೆಗೆ ಹಾರುತ್ತೇವೆ. ನಡುವೆ ಇನ್ನೊಂದು ಸಂಗತಿಯಿದೆ. ರಾಜ ಸಿಂಹಸೇನನು ಆ ರತ್ನಗಳನ್ನು ವರ್ತಕನಿಗೆ ನೇರವಾಗಿ ಕೊಡುವುದಿಲ್ಲ. ತನ್ನ ಬೊಕ್ಕಸದ ರತ್ನಗಳೊಡನೆ ಬೆರೆಸಿ, ನಿನ್ನವನ್ನು ಆರಿಸಿಕೋ ಎನ್ನುತ್ತಾನೆ. ವರ್ತಕ ತನ್ನವನ್ನು ಮಾತ್ರ ಆರಿಸಿಕೊಳ್ಳುತ್ತಾನೆ. ಕಳ್ಳ ಆಗಲೇ ಸಿಕ್ಕಿಬಿದ್ದಿದ್ದಾನೆ. ಈ ಪರೀಕ್ಷೆ ದೂರು ಕೊಟ್ಟವನಿಗೆ. ನೊಂದವನೆಂಬ ಕಾರಣಕ್ಕೆ ಅವನಿಗೆ ವಿನಾಯಿತಿ ಇಲ್ಲ. ಇಷ್ಟು ವರ್ಷ ಪಾಠ ಹೇಳಿದ ಕಥೆಯ ಈ ಭಾಗ ನನ್ನ ಕಣ್ಣಿಗೆ ಬಿದ್ದದ್ದು ಅಂದೇ.

ದಸರೆ ಕಳೆದು ನಾಲ್ಕು ದಿನಕ್ಕೆ ಕಾರನ್ನು ಗ್ಯಾರೇಜಿಗೆ ಒಯ್ದೆ. ಮಾಲೀಕರಿಗೆ ಐವತ್ತರ ಆಸುಪಾಸು. ಹುಡುಗರೊಡನೆ ಕೊಂಕಣಿ, ನನ್ನೊಡನೆ ಕನ್ನಡ. ಬಿಲ್ಲನ್ನೂ ಮೊಬೈಲಿನಲ್ಲಿದ್ದ ಚಕ್ರದ ಚಿತ್ರವನ್ನೂ ಮುಂದಿಟ್ಟು, ಆದಷ್ಟು ಮೆಲ್ಲಗೆ ಕೇಳಿದೆ. ಅವರು ಚಿತ್ರವನ್ನು ದೊಡ್ಡದು ಮಾಡಿ ನೋಡಿ, "ಗಾಡಿ ತಕೊಂಡು ಹೋದ ದಿವಸ ದಾರಿಯಲ್ಲಿ ಮಳೆ ಸಿಕ್ಕಿತ್ತಾ ಸರ್?" ಎಂದು ಕೇಳಿದರು.

ಸಿಕ್ಕಿತ್ತು. ಅಮದಳ್ಳಿಯ ಸುಮಾರಿಗೆ ಗುಡುಗಿನೊಡನೆ ಮಳೆ ಸುರಿದು, ಗಾಜು ಕಾಣದೆ, ಕಾರನ್ನು ರಸ್ತೆಯಿಂದ ಕೆಂಪು ಮಣ್ಣಿನ ಅಂಚಿಗೆ ಇಳಿಸಿ ಕಾಲು ಗಂಟೆ ನಿಂತಿದ್ದೆ. ಹೊರಡುವಾಗ ಚಕ್ರ ಹೂತು, ಹಿಂದೆ ಮುಂದೆ ಮಾಡಿ ಮೇಲೆ ತಂದಿದ್ದೆ. ಅಂಕೋಲೆಯಲ್ಲಿ ಅಂದು ಹನಿ ಬಿದ್ದಿರಲಿಲ್ಲ, ಹಾಗಾಗಿ ನೆರೆಯ ಹಿರಿಯರಿಗೆ ಆ ಸಂಗತಿ ತಿಳಿದಿರಲಿಲ್ಲ. ನನಗೆ ತಿಳಿದಿತ್ತು, ಹೇಳಬೇಕೆಂದು ಹೊಳೆಯಲಿಲ್ಲ. ಕೆಸರು ಚಕ್ರ ಬಿಚ್ಚಿದ ಮೇಲಿನದು. ಪ್ರತಿಯ ಕಾಲವನ್ನು ನಿರ್ಣಯಿಸದೆ ಪಾಠವನ್ನು ನಿರ್ಣಯಿಸಬಾರದೆಂದು ನಾನೇ ತರಗತಿಯಲ್ಲಿ ಎಷ್ಟು ಬಾರಿ ಹೇಳಿದ್ದೇನೋ.

"ಹಾಗಂತ ನನ್ನ ಮಾತು ನಂಬಬೇಡಿ, ಬಿಚ್ಚಿಯೇ ತೋರಿಸ್ತೇನೆ" ಎಂದು ಅವರು ಹುಡುಗನನ್ನು ಕರೆದರು. ಜಾಕ್ ಏರಿಸಿ ಚಕ್ರ ತೆಗೆದರು. ಡ್ರಮ್ ಬಿಗಿದುಕೊಂಡಿತ್ತು; ಅದರ ಎರಡು ತೂತುಗಳಿಗೆ ಬೋಲ್ಟು ಕೊಟ್ಟು ತಿರುಗಿಸುತ್ತ ಹೊರಗೆ ತಳ್ಳಿಸಿದರು. ಒಳಗೆ ಹೊಸ ಶೂ. ಲೈನಿಂಗಿನ ಅಂಚಿನಲ್ಲಿ ಕಂಪನಿಯ ಅಚ್ಚಿನ ಅಕ್ಷರಗಳು ಇನ್ನೂ ಮಾಸಿರಲಿಲ್ಲ. ಇನ್ನೊಂದು ಬದಿಯನ್ನೂ ಬಿಚ್ಚುತ್ತೇನೆಂದರು, ಬೇಡವೆಂದೆ. ಕ್ಷಮೆ ಕೇಳಿದೆ. ಆ ಮಾತು ಗಂಟಲಿನಿಂದ ಹೊರಬರಲು ತುಸು ಹೊತ್ತು ಹಿಡಿಯಿತು.

ಇಲ್ಲಿಗೆ ಮುಗಿದಿದ್ದರೆ ನಾನು ಈ ಪ್ರಸಂಗವನ್ನು ಬರೆಯುವ ಕಷ್ಟಕ್ಕೆ ಹೋಗುತ್ತಿರಲಿಲ್ಲ. ಅವರಿಗೆ ಸಿಟ್ಟು ಬಂದಂತೆ ಕಾಣಲಿಲ್ಲ. "ಬಂದದ್ದು ಬಂದಿರಿ, ಎಲ್ಲಾನೂ ಒಂದ್ಸಲ ನೋಡಿಬಿಡುವಾ" ಎಂದು ಬಿಲ್ಲನ್ನು ಹಿಡಿದು, ಕಾರನ್ನು ಗುಂಡಿಯ ಮೇಲೆ ನಿಲ್ಲಿಸಿಕೊಂಡು, ಟಾರ್ಚಿನೊಡನೆ ಕೆಳಗಿಳಿದರು. ಒಂದೊಂದೇ ಸಾಲನ್ನು ಗಟ್ಟಿಯಾಗಿ ಓದಿ, ಮುಟ್ಟಿ, ಹೌದೆನ್ನುತ್ತ ಬಂದರು. ಗೇರ್ ಆಯಿಲ್, 760 ರೂಪಾಯಿ ಎಂಬ ಸಾಲಿಗೆ ಬಂದಾಗ ಮಾತು ನಿಂತಿತು. ನನ್ನನ್ನೂ ಕೆಳಗೆ ಕರೆದರು. ಗೇರ್ ಪೆಟ್ಟಿಗೆಯ ತಳದಲ್ಲಿ ಎಣ್ಣೆ ಇಳಿಸುವ ತಿರುಪು ಇತ್ತು. ಅದರ ಸುತ್ತ ಹಳೆಯ ಎಣ್ಣೆ ಮತ್ತು ಧೂಳು ಸೇರಿ ಕಪ್ಪು ಅರಗಿನಂತೆ ಗಟ್ಟಿಯಾಗಿತ್ತು. ಅಷ್ಟು ವರ್ಷದ ಕೊಳೆ ಒಂದು ಮಳೆಯಲ್ಲಿ ಕೂಡುವಂಥದಲ್ಲ. ಆ ತಿರುಪನ್ನು ಯಾರೂ ಮುಟ್ಟಿರಲಿಲ್ಲ.

ಮೇಲೆ ಬಂದು ಹುಡುಗನಿಗೆ ಕೊಂಕಣಿಯಲ್ಲಿ ಎರಡು ಮಾತು ಕೇಳಿದರು. ಹುಡುಗ ನೆಲ ನೋಡಿದ. ಆಯುಧಪೂಜೆಯ ಹಿಂದಿನ ದಿನಗಳಲ್ಲಿ ಗ್ಯಾರೇಜಿನೊಳಗೂ ರಸ್ತೆಯ ಬದಿಗೂ ಇಪ್ಪತ್ತು ಗಾಡಿಗಳಿದ್ದವು. ಆಮೇಲೆ ಮಾಡಿದರಾಯಿತೆಂದು ಗುರುತು ಹಾಕಿದ್ದಾನೆ, ಆಮೇಲೆ ಎಂಬುದು ಬರಲಿಲ್ಲ. ನನಗೆ ತಿಳಿದ ವಿವರಣೆ ಇಷ್ಟೇ. ಮಾಲೀಕರು ಮೇಜಿನ ಖಾನೆ ತೆರೆದು ಹಣ ಎಣಿಸತೊಡಗಿದರು. ಹಣ ಬೇಡ, ಕೆಲಸ ಮಾಡಿಕೊಡಿ ಎಂದೆ. ಹುಡುಗನೇ ಗುಂಡಿಗಿಳಿದು ತಿರುಪು ಬಿಚ್ಚಿದ. ಇಳಿದ ಎಣ್ಣೆ ಡಾಂಬರಿನಂತಿತ್ತು.

ನಾನು ಸಂಶಯಪಟ್ಟ ಕೆಲಸ ನಡೆದಿತ್ತು. ನಡೆಯದೆ ಉಳಿದ ಕೆಲಸದ ಬಗ್ಗೆ ನನಗೆ ಸಂಶಯದ ಸುಳಿವೂ ಇರಲಿಲ್ಲ. ದೂರು ಕೊಟ್ಟಿದ್ದರೆ ನನ್ನ ಬ್ರೇಕಿನ ವಾದ ಮೊದಲ ವಿಚಾರಣೆಯಲ್ಲೇ ಬಿದ್ದು, ಅದರ ಮರೆಯಲ್ಲಿ ಗೇರಿನ ಸುಳ್ಳು ಬದುಕಿಕೊಳ್ಳುತ್ತಿತ್ತು. ಇನ್ನು ಬಿಲ್ಲಿನಲ್ಲಿದ್ದ ಥ್ರಾಟಲ್ ಬಾಡಿ ಶುಚಿಗೊಳಿಸಿದ 700 ರೂಪಾಯಿಯ ವಿಷಯ. ಅದು ಆಗಿತ್ತೇ ಇಲ್ಲವೇ ಎಂದು ಈಗ ಹೇಳುವಂತಿಲ್ಲವೆಂದು ಮಾಲೀಕರೇ ಒಪ್ಪಿದರು. ಹುಡುಗ ಆಗಿದೆ ಎಂದ. ನಾನು ಅದನ್ನು ನಂಬಿದೆನೆಂದೂ ಹೇಳಲಾರೆ, ನಂಬಲಿಲ್ಲವೆಂದೂ ಹೇಳಲಾರೆ.

ಹಿಂದಿರುಗುವಾಗ ದಾರಿಯುದ್ದಕ್ಕೂ ಆ ಹುಡುಗನ ನೀಲಿ ಗುರುತನ್ನು ಏನೆಂದು ಕರೆಯಬೇಕೆಂಬ ಯೋಚನೆ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಅಚೌರ್ಯ ವ್ರತದ ಐದು ಅತಿಚಾರಗಳನ್ನು ಎಣಿಸುವಾಗ ಉಮಾಸ್ವಾತಿ ಆಚಾರ್ಯರು ಕಳ್ಳ ಅಳತೆಯನ್ನೂ ಅಸಲಿನ ಹೆಸರಿನಲ್ಲಿ ನಕಲಿಯನ್ನು ದಾಟಿಸುವ ಪ್ರತಿರೂಪಕ ವ್ಯವಹಾರವನ್ನೂ ಸೇರಿಸುತ್ತಾರೆ. ಅತಿಚಾರವೆಂದರೆ ವ್ರತದ ಪೂರ್ಣ ಭಂಗವಲ್ಲ. ಒಂದು ಅಂಶದ ಭಂಗ. ಅವಸರದಲ್ಲಿ, ಆಮೇಲೆ ಮಾಡುವೆನೆಂಬ ನಂಬಿಕೆಯಲ್ಲಿ ಹಾಕಿದ ಗುರುತನ್ನು ಪ್ರಮಾದದ ಲೆಕ್ಕಕ್ಕೆ ಹಾಕಬಹುದು. ನನ್ನ ಪೀಠಿಕೆಯ ವಾಕ್ಯವೂ ಅದೇ ಅವಸರದಲ್ಲಿ, ಅದೇ ನಂಬಿಕೆಯಲ್ಲಿ ಹುಟ್ಟಿದ್ದು. ಆದರೆ ಹುಡುಗನ ಗುರುತಿಗೆ ವಾರವೊಂದು ಆಯಸ್ಸು. ನನ್ನದು ಇಪ್ಪತ್ತೆರಡು ವರ್ಷ ಅಚ್ಚಿನಲ್ಲಿ ನಿಂತಿದೆ. ಈ ನಡುವೆ ಎರಡನೆಯ ಮುದ್ರಣದ ಕರಡನ್ನು ನಾನೇ ತಿದ್ದಿದ್ದೇನೆ. ಆಗ ಆ ವಾಕ್ಯದ ಮೇಲೆ ಕಣ್ಣು ಹಾಯದೆ ಹೋಗಲಿಲ್ಲ. ಆದ್ದರಿಂದ ಪ್ರಮಾದವೆಂಬ ಪದವನ್ನು ನನಗಾಗಿ ಬಳಸಿಕೊಳ್ಳಲಾರೆ.

ನೆರೆಯ ಹಿರಿಯರಿಗೆ ನಡೆದದ್ದನ್ನು ಹೇಳಿದೆ. ಬ್ರೇಕಿನ ವಿಷಯ ಕೇಳಿ ಅವರು ಸ್ವಲ್ಪ ಮುಜುಗರಪಟ್ಟರು. ಗೇರ್ ಆಯಿಲ್ಲಿನ ವಿಷಯ ಕೇಳಿ, "ಕಂಡ್ರಾ, ಏನೋ ಒಂದು ಇತ್ತಲ್ಲ" ಎಂದು ಸಮಾಧಾನ ತಂದುಕೊಂಡರು. ಅವರ ಸಮಾಧಾನವನ್ನು ಕೆಡಿಸಲು ಮನಸ್ಸಾಗಲಿಲ್ಲ.

ಪ್ರಕಾಶಕರಿಗೆ ಪತ್ರ ಬರೆದಿದ್ದೇನೆ. ಉಳಿದ ಪ್ರತಿಗಳಲ್ಲಿ ಒಂದು ಚೀಟಿಯನ್ನು ಅಂಟಿಸಲು ಒಪ್ಪಿದ್ದಾರೆ: ಗ ಪ್ರತಿಯ ಪಾಠಗಳಲ್ಲಿ ಮೊದಲ ಹನ್ನೆರಡು ಗರಿಗಳವು ಮಾತ್ರ ಮೂಲ ಓಲೆಯಿಂದ ಬಂದವು, ಉಳಿದವು ಕಾಗದದ ನಕಲಿನಿಂದ. ಆ ಪಾಠಗಳನ್ನು ಬಳಸಿದ ಮೂವರಲ್ಲಿ ಇಬ್ಬರ ವಿಳಾಸ ದೊರೆತು ಅವರಿಗೂ ತಿಳಿಸಿದೆ. ಒಬ್ಬರು ಉತ್ತರಿಸಿ, ತಮ್ಮ ಪ್ರಬಂಧದ ಒಂದು ಅಧ್ಯಾಯ ಆ ಪ್ರತಿಯ ಒಂದು ಪಾಠದ ಮೇಲೆಯೇ ನಿಂತಿದೆಯೆಂದೂ, ಈಗ ಏನು ಮಾಡಬೇಕೆಂದೂ ಕೇಳಿದ್ದಾರೆ. ಅವರು ಹೇಳುವ ಪಾಠ ಇಪ್ಪತ್ತೇಳನೆಯ ಗರಿಯಲ್ಲಿದೆ. ಓಲೆಯನ್ನು ನೋಡದೆ ಅವರಿಗೆ ಏನನ್ನೂ ಬರೆಯುವಂತಿಲ್ಲ. ಭಂಡಾರದವರು ಫೆಬ್ರುವರಿಯ ಎರಡನೆಯ ವಾರ ಬರಲು ಹೇಳಿದ್ದಾರೆ. ಈ ಬಾರಿ ಬಸ್ಸಿನ ಹೊತ್ತಿಗೆ ಕಟ್ಟುಬೀಳದಂತೆ ಕಾರಿನಲ್ಲೇ ಹೋಗಿ, ಮೂರು ದಿನ ಅಲ್ಲಿಯೇ ಉಳಿದು, ಹದಿಮೂರನೆಯ ಗರಿಯಿಂದ ಆರಂಭಿಸುವವನಿದ್ದೇನೆ.